ಒಂಬತ್ತು ಗುಂಡು, ಅರ್ಧ ಗುಂಡಿಗೆ

2007ರ ನವೆಂಬರಿನಲ್ಲಿ ಕಂಪನಿ ಕೆಲಸಕ್ಕೆಂದು ಮನಿಲಾದಲ್ಲಿದ್ದೆ. ಪಕ್ಕದ ಕೆಸಾನ್ ಸಿಟಿಯ ಅರನೇಟಾ ಕೊಲಿಸಿಯಂನಲ್ಲಿ ನೈನ್‌ಬಾಲ್ ಪೂಲ್ ವಿಶ್ವ ಚಾಂಪಿಯನ್‌ಶಿಪ್. ಫೈನಲ್ಲಿನಲ್ಲಿ ಇಂಗ್ಲೆಂಡಿನ ಡ್ಯಾರಿಲ್ ಪೀಚ್ 17–15ರಿಂದ ಫಿಲಿಪೀನ್ಸಿನ ರೊಬರ್ಟೊ ಗೊಮೆಜ್‌ನನ್ನು ಸೋಲಿಸಿದಾಗ ಊರಿಗೆ ಊರೇ ಸೂತಕದಲ್ಲಿ ಕೂತಿತು. ನಾನೊಬ್ಬನೇ ಉತ್ಸಾಹದಿಂದ ಎದ್ದೆ: ಇದು ನನ್ನ ಆಟ!

ಸ್ನೂಕರಿನಲ್ಲಿ 12 ಅಡಿ ಟೇಬಲ್ಲು, ಬಿಳಿಯದೂ ಸೇರಿ 22 ಗುಂಡು, ಮೇಲೆ ಕೂಡುವ ಲೆಕ್ಕ. ಇಲ್ಲಿ 9 ಅಡಿ ಟೇಬಲ್ಲು, ಬಿಳಿಯದನ್ನು ಬಿಟ್ಟರೆ ಒಂಬತ್ತೇ ಗುಂಡು. ಇರುವುದರಲ್ಲಿ ಚಿಕ್ಕ ಸಂಖ್ಯೆಯದಕ್ಕೆ ಬಿಳಿ ಗುಂಡು ಮೊದಲು ತಾಗಿದರೆ ಸಾಕು, ಆಮೇಲೆ ಯಾವುದು ಬಿದ್ದರೂ ನಡೆಯುತ್ತದೆ. ಎಂಟನ್ನೂ ನೀವು ಬೆವರಿಳಿಸಿ ಹಾಕಿ, ಒಂಬತ್ತನೆಯದನ್ನು ಎದುರಾಳಿ ಹಾಕಿದನೋ, ಗೆಲುವು ಅವನದು. ಅಡುಗೆ ಮಾಡಿದವರು ಯಾರೋ, ಹೋಳಿಗೆ ಉಂಡವರು ಇನ್ಯಾರೋ. ನಾನು ಹುಟ್ಟಾ ಉಣ್ಣುವವರ ಸಾಲಿನವನು.

ಮರುದಿನವೇ ಹೋಟೆಲಿನ ಹಿಂದಿನ ಗಲ್ಲಿಯ ಪೂಲ್ ಹಾಲಿಗೆ ಹೋದೆ. ಮುಂದಿನ ಹಲ್ಲುಗಳಿಲ್ಲದ ಅಜ್ಜನೊಬ್ಬ ನಗುತ್ತ ಕ್ಯೂ ಹಿಡಿದು ನಿಂತಿದ್ದ. ನನ್ನ ಎದೆ ಧಸಕ್ಕೆಂದಿತು.

ತಪ್ಪು ನನ್ನ ಓದಿನದು. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ಚಾಂಪಿಯನ್ ಆದ ಎಫ್ರೆನ್ ರೆಯೆಸ್‌ಗೂ ಮುಂದಿನ ಹಲ್ಲಿಲ್ಲ. ಅಡ್ಡಹೆಸರು ‘ಬಾಟಾ’; ಚಪ್ಪಲಿಯಲ್ಲ, ಅವರ ಭಾಷೆಯಲ್ಲಿ ಚಿಕ್ಕ ಹುಡುಗ ಎಂದರ್ಥ. ಈ ಚಿಕ್ಕ ಹುಡುಗ 1985ರಲ್ಲಿ ಅಮೆರಿಕಕ್ಕೆ ಹೋಗಿ, ಸೀಸರ್ ಮೊರಾಲೆಸ್ ಎಂದು ಸುಳ್ಳು ಹೆಸರು ಹೇಳಿ, ಹೂಸ್ಟನ್ನಿನಲ್ಲಿ ಘಟಾನುಘಟಿಗಳನ್ನೆಲ್ಲ ಮಣ್ಣು ಮುಕ್ಕಿಸಿದ್ದ. ಅಂದಮೇಲೆ ಮನಿಲಾದಲ್ಲಿ ಬೊಚ್ಚುಬಾಯಿಯನ್ನು ನಂಬುವುದುಂಟೆ?

ಯಾವ ಊರು ಎಂದು ಅಜ್ಜ ಕೇಳಿದ. “ಬೆಂಗಳೂರು. ಬಿಲಿಯರ್ಡ್ಸ್ ಚಾಂಪಿಯನ್ ಪಂಕಜ್ ಆಡ್ವಾಣಿಯ ಊರು” ಎಂದೆ, ಒಂದೇ ವಠಾರದಲ್ಲಿ ಬೆಳೆದವರ ಧಾಟಿಯಲ್ಲಿ. ಮೊದಲು ಮೂರು ಗೆದ್ದವನದು ಮೇಲುಗೈ, ಸೋತವನು ಟೇಬಲ್ ಬಾಡಿಗೆ ಕೊಡಬೇಕು ಎಂದಾಯಿತು.

ಬ್ರೇಕ್ ನನ್ನದು. ಬಿಳಿ ಗುಂಡು ಟೇಬಲ್ಲಿನಿಂದ ಹಾರಿ ತಂಪು ಪಾನೀಯದ ಫ್ರಿಜ್ಜಿನ ಅಡಿ ಸೇರಿತು. ಫೌಲ್. ಈಗ ಅಜ್ಜ ಅದನ್ನು ಬೇಕಾದಲ್ಲಿಟ್ಟು ಹೊಡೆಯಬಹುದು. ಇಟ್ಟ, ಹೊಡೆದ, ಪಾಕೆಟ್ಟಿನ ಬಾಯಲ್ಲೇ ಕೂತಿದ್ದ ಒಂದನೇ ಗುಂಡನ್ನು ತಪ್ಪಿಸಿದ. ನಕ್ಕ. ನನಗೆ ಮೈ ಜುಮ್ಮೆಂದಿತು. ಅದನ್ನು ತಪ್ಪಿಸಬೇಕಾದರೆ ಎಂಥ ಕೈಚಳಕ ಬೇಕು! ಗಾಬರಿಯಲ್ಲಿ ಕಣ್ಣು ಮುಚ್ಚಿ ಬಾರಿಸಿದೆ. ಬಿಳಿಯದು ಒಂದಕ್ಕೆ, ಒಂದು ನಾಲ್ಕಕ್ಕೆ, ನಾಲ್ಕು ಒಂಬತ್ತಕ್ಕೆ ತಾಗಿ, ಒಂಬತ್ತು ಗುಳುಂ! ಗೆದ್ದಿದ್ದೆ. ಮಾರಿಹಬ್ಬದ ಕುರಿಗೂ ಮೊದಲು ಹಸಿರು ಸೊಪ್ಪನ್ನೇ ತಿನ್ನಿಸುತ್ತಾರಲ್ಲವೆ?

ಎರಡನೆಯದರಲ್ಲಿ ಅಜ್ಜ ಬಿಳಿ ಗುಂಡನ್ನೇ ಮೂರು ಸಲ ಪಾಕೆಟ್ಟಿಗೆ ಹಾಕಿದ. ನಮ್ಮ ನಾಟಕ ಕಂಪನಿಗಳಲ್ಲೂ ಇಂಥ ನಟನೆ ನೋಡಿರಲಿಲ್ಲ. 2–0 ಆಯಿತು. ಆಗ ಆತ ಮೆಲ್ಲಗೆ ಜೇಬಿನಿಂದ ಪರ್ಸ್ ತೆಗೆದ.

ಬಂತು, ಪಂದ್ಯದ ದುಡ್ಡು! ಹೊಟ್ಟೆ ಹಿಡಿದುಕೊಂಡು, ತಡೆಯಲಾರದ ನೋವು, ಸೋತೆ ಎಂದು ಒಪ್ಪಿ, ಬಾಡಿಗೆಯ ಜತೆಗೆ ಅಜ್ಜನ ಕೋಲಾದ ದುಡ್ಡನ್ನೂ ಕೊಟ್ಟು ಓಡಿದೆ.

ಮರೆತ ಕೊಡೆಯನ್ನು ಹಿಡಿದು ಗುಂಡು ಜೋಡಿಸುವ ಹುಡುಗ ಹಿಂದೆಯೇ ಬಂದ. “ಯಾಕ್ ಸಾರ್ ಬಿಟ್ಟುಕೊಟ್ರಿ? ತಾತನಿಗೆ ಹೋದ ತಿಂಗಳು ಕಣ್ಣಿನ ಪೊರೆ ಆಪರೇಷನ್ ಆಗಿದೆ. ಅದಕ್ಕೆ ಮುಂಚೆಯೂ ಆಡೋಕೆ ಬರ್ತಿರಲಿಲ್ಲ ಅನ್ನಿ. ಮೊಮ್ಮಗಳ ಫೋಟೊ ತೋರಿಸೋಣ ಅಂತಿದ್ದರು.”

ವಾರದ ನಂತರ ಅದೇ ಗಲ್ಲಿಯಲ್ಲಿ ತಲೆತಗ್ಗಿಸಿ ಹೋಗುತ್ತಿದ್ದೆ. ಒಳಗೆ ಅಜ್ಜ ಹತ್ತಾರು ಹುಡುಗರನ್ನು ಸುತ್ತ ಕೂರಿಸಿಕೊಂಡು, ಕ್ಯೂ ಎತ್ತಿ ಏನೋ ವರ್ಣಿಸುತ್ತಿದ್ದ. ನನ್ನನ್ನು ಕಂಡದ್ದೇ “ಇಂಡಿಯಾ! ಚಾಂಪಿಯನ್!” ಎಂದು ಬೆರಳು ತೋರಿಸಿದ. ಹುಡುಗರು ನನ್ನನ್ನು ನೋಡಿದರು, ಮತ್ತೆ ಅವನನ್ನು ಭಕ್ತಿಯಿಂದ ನೋಡಿದರು.

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಸ್ವಲ್ಪ ಬಾಗಿ ನಡೆದೆ.