ತೊಲೆಯೊಳಗಿನ ಸಾಕ್ಷಿ

ಲಂಡನ್ನಿನ ಪಾರ್ಲಿಮೆಂಟ್ ಅರಮನೆಯಲ್ಲಿರುವ ವೆಸ್ಟ್‌ಮಿನ್‌ಸ್ಟರ್ ಹಾಲಿನ ಚಾವಣಿಯಲ್ಲಿ ಸುಮಾರು 660 ಟನ್ ಓಕ್ ಮರವಿದೆ. ಅದರಲ್ಲಿ ತಲೆತಲಾಂತರದಿಂದ ಸಂಸಾರ ಹೂಡಿದ್ದು ಡೆತ್‌ವಾಚ್ ಬೀಟಲ್ ಎಂಬ ಮರ ಕೊರೆಯುವ ಹುಳು. ಕಡಲೆಬೇಳೆಯಷ್ಟು ಗಾತ್ರ, ಕಂದು ಬಣ್ಣ. ಮರಿಹುಳುವಾಗಿ ಕೆಲವೊಮ್ಮೆ ಹತ್ತು ವರ್ಷದವರೆಗೂ ತೊಲೆಯೊಳಗೇ ಕಳೆಯುತ್ತದೆ. ಪ್ರಾಯಕ್ಕೆ ಬಂದ ಮೇಲೆ ಸಂಗಾತಿಯನ್ನು ಕರೆಯಲು ಮರಕ್ಕೆ ಟಕಟಕ ಹಣೆ ಚಚ್ಚುತ್ತದೆ. ಬ್ರಿಟಿಷರ ಚರಿತ್ರೆಯ ತಿರುವುಗಳನ್ನು ಪ್ರೊಫೆಸರುಗಳ ಬಾಯಲ್ಲಿ ಕೇಳಿ ಬೇಸತ್ತ ಪತ್ರಿಕಾ ಪ್ರತಿನಿಧಿಯೊಬ್ಬ ಏಣಿ ಹತ್ತಿ ಈ ವಂಶದ ಕುಡಿಯೊಂದನ್ನು ಮಾತಿಗೆಳೆದ. ಹುಳು ಊಟಕ್ಕೆ ಕೂತಿತ್ತು, ಏಳಲಿಲ್ಲ.

“ನಿಮ್ಮ ಕುಟುಂಬ ಇಲ್ಲಿಗೆ ಬಂದದ್ದು ಯಾವಾಗ?”

“ಮರದ ಜೊತೆಗೇ. ಗೋಡೆ ನಮಗಿಂತ ಹಳೆಯದು, 1097ರದ್ದು. ನಾರ್ಮನ್ನರು ಬಂದು 31 ವರ್ಷವಾಗಿತ್ತಷ್ಟೆ. ಊರಿನವರನ್ನು ಬೆಚ್ಚಿಬೀಳಿಸಬೇಕಲ್ಲ, ಅವರ ದೊರೆ ವಿಲಿಯಂ ರೂಫಸ್ 73 ಮೀಟರ್ ಉದ್ದದ ಹಾಲ್ ಎಬ್ಬಿಸಿದ. ಈ ಚಾವಣಿ ಎರಡನೇ ರಿಚರ್ಡನದು. 1393ರಲ್ಲಿ ಬಡಗಿ ಹ್ಯೂ ಹರ್ಲಂಡ್‌ಗೆ ಕೆಲಸ ಒಪ್ಪಿಸಿದ. ನಡುವೆ ಒಂದೇ ಒಂದು ಕಂಬ ಇಲ್ಲ, ನೋಡಿ. ಕೆಲಸ ಪೂರ್ತಿ ಮುಗಿಯುವ ಮೊದಲೇ, 1399ರಲ್ಲಿ, ಇದರ ಕೆಳಗೇ ಜನ ಸೇರಿ ರಿಚರ್ಡನನ್ನು ಸಿಂಹಾಸನದಿಂದ ಇಳಿಸಿದರು. ಮಾಡಿದ್ದುಣ್ಣೋ ಮಹಾರಾಯ.”

ರಾಜದ್ರೋಹಕ್ಕಾಗಿ ಥಾಮಸ್ ಮೋರ್, ಗೈ ಫಾಕ್ಸ್ ಇಬ್ಬರ ವಿಚಾರಣೆಯೂ ಇಲ್ಲೇ ನಡೆಯಿತಲ್ಲ ಎಂದು ಪ್ರತಿನಿಧಿ ನೆನಪಿಸಿದ. ಹುಳು ಆಕಳಿಸಿತು. ಇಬ್ಬರಿಗೂ ತೀರ್ಪು ಮೊದಲೇ ಬರೆದಿಟ್ಟಂತಿತ್ತು, ಅದರಲ್ಲಿ ನೋಡುವಂಥದ್ದೇನಿತ್ತು ಎಂಬುದು ಅದರ ವಾದ. 1649ರ ಜನವರಿಯ ಮಾತು ಬಂದಾಗ ಮಾತ್ರ ಊಟ ನಿಲ್ಲಿಸಿತು.

“ಅದು ನೋಡಿ ಆಟ! ಕಟಕಟೆಯಲ್ಲಿ ದೊರೆ ಮೊದಲನೇ ಚಾರ್ಲ್ಸ್, ಎದುರಿಗೆ ನ್ಯಾಯಾಧೀಶ ಬ್ರಾಡ್‌ಶಾ. ಯಾರಾದರೂ ತಲೆಗೆ ಹೊಡೆದಾರು ಅಂತ ಆತ ಟೋಪಿಯೊಳಗೆ ಉಕ್ಕಿನ ತಗಡು ಹಾಕಿಸಿಕೊಂಡು ಬಂದಿದ್ದ. ವಕೀಲ ಜಾನ್ ಕುಕ್ ಆರೋಪ ಓದಲು ಎದ್ದ. ತಡಿ ಎನ್ನುವಂತೆ ದೊರೆ ಬೆತ್ತದಿಂದ ಅವನ ಭುಜ ತಟ್ಟಿದ. ಬೆತ್ತದ ಬೆಳ್ಳಿ ತುದಿ ಕಳಚಿ ನೆಲಕ್ಕೆ ಬಿತ್ತು. ದೊರೆ ಕಾದ. ಯಾರೂ ಬಗ್ಗಲಿಲ್ಲ. ಕೊನೆಗೆ ತಾನೇ ಬಗ್ಗಿ ಎತ್ತಿಕೊಂಡ. ತಲೆ ಹೋದದ್ದು ಆಮೇಲೆ, 30ನೇ ತಾರೀಕು. ರಾಜತ್ವ ಹೋದದ್ದು ಆ ಬಗ್ಗುವಿಕೆಯಲ್ಲೇ ಅಂತ ನಮ್ಮಜ್ಜ ಹೇಳುತ್ತಿದ್ದ.”

“ಅಲ್ಲಿಗೆ ರಾಜರ ಕಥೆ ಮುಗಿಯಿತು?”

“ಎಲ್ಲಿ ಮುಗೀತು ಸ್ವಾಮಿ! ಎಂಟೇ ವರ್ಷ. 1657ರಲ್ಲಿ, ದೊರೆಗೆ ಎದುರು ನಿಂತಿದ್ದ ಸೇನಾಪತಿ ಕ್ರಾಮ್‌ವೆಲ್ಲನ ಎರಡನೇ ಪದಗ್ರಹಣ ಪಟ್ಟಾಭಿಷೇಕದಂತೆಯೇ ಇಲ್ಲಿ ಆಯಿತು. ಪಕ್ಕದ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನಿಂದ ರಾಜರ ಪಟ್ಟದ ಕುರ್ಚಿಯನ್ನೇ ಹೊತ್ತು ತಂದರು. ನೇರಳೆ ನಿಲುವಂಗಿ, ಕತ್ತಿ, ರಾಜದಂಡ ಎಲ್ಲ ಇತ್ತು, ಕಿರೀಟ ಒಂದು ಬಿಟ್ಟು. 1660ರಲ್ಲಿ ಸತ್ತ ದೊರೆಯ ಮಗ ಬಂದ. ಮರುವರ್ಷ ಕ್ರಾಮ್‌ವೆಲ್ಲನ ಹೆಣ ಅಗೆದು, ಅದೇ ಜನವರಿ 30ಕ್ಕೆ ಗಲ್ಲಿಗೇರಿಸಿ, ರುಂಡವನ್ನು ಗಳಕ್ಕೆ ಸಿಕ್ಕಿಸಿ ಇದೇ ಹಾಲಿನ ಮೇಲೆ ನೆಟ್ಟರು. ಇಪ್ಪತ್ತು ವರ್ಷದ ಮೇಲೂ ನಮ್ಮ ನೆತ್ತಿಯ ಮೇಲಿತ್ತು. ಕ್ರಾಂತಿ ಅಂತೀರಿ ನೀವು. ಕುರ್ಚಿ ಅದೇ, ಕೂರುವವರು ಬೇರೆ.”

1688ರ ಮಹಾಕ್ರಾಂತಿ? ಡಚ್ಚರಿಂದ ದೊರೆಯನ್ನು ಆಮದು ಮಾಡಿಕೊಂಡದ್ದು ತನಗೆ ಚಾವಣಿಯಲ್ಲಿ ಅಷ್ಟಾಗಿ ಕೇಳಿಸಲಿಲ್ಲ ಎಂದಿತು ಹುಳು.

ಪ್ರತಿನಿಧಿ ಕನ್ನಡದವನು. ವಾರನ್ ಹೇಸ್ಟಿಂಗ್ಸ್ ವಿಚಾರಣೆಯ ಬಗ್ಗೆ ಕೇಳದೆ ಇರಲಾಗಲಿಲ್ಲ. ಎರಡನೇ ಮೈಸೂರು ಯುದ್ಧದ ಕಾಲಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿದ್ದವನು ಅದೇ ಹೇಸ್ಟಿಂಗ್ಸ್.

“ಏಳು ವರ್ಷ ಎಳೆದರು, 1788ರಿಂದ 1795. ಆರಂಭದಲ್ಲಿ ಜಾತ್ರೆ. ಎಡ್ಮಂಡ್ ಬರ್ಕ್ ನಾಲ್ಕು ದಿನ ಮಾತಾಡಿದ. ಅವಧದ ಬೇಗಮರಿಗಾದ ಅನ್ಯಾಯವನ್ನು ನಾಟಕಕಾರ ಶೆರಿಡನ್ ವರ್ಣಿಸಿದಾಗ ಸೀಟಿಗೆ 50 ಗಿನಿ ಕೊಟ್ಟವರೂ ಇದ್ದರಂತೆ. ಆ ಬೇಗಮರು ಮಾತ್ರ ಇಲ್ಲಿರಲಿಲ್ಲ. ಕೆಳಗೆ ಭಾರತಕ್ಕಾಗಿ ಕಣ್ಣೀರು ಹರಿಯುತ್ತಿದ್ದಾಗಲೇ, 1792ರಲ್ಲಿ, ಅಮೆರಿಕದಲ್ಲಿ ಸೋತು ಶರಣಾಗಿದ್ದ ಕಾರ್ನ್‌ವಾಲಿಸ್ ನಿಮ್ಮ ಶ್ರೀರಂಗಪಟ್ಟಣದ ಬಾಗಿಲಲ್ಲಿ ನಿಂತು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಕಸಿದುಕೊಂಡ. ತೀರ್ಪಿನ ದಿನ ಮತ ಹಾಕಿದ ಲಾರ್ಡುಗಳು 29. ಹೇಸ್ಟಿಂಗ್ಸ್ ಖುಲಾಸೆ. ಕಂಪನಿ ವರ್ಷಕ್ಕೆ 4,000 ಪೌಂಡ್ ಪಿಂಚಣಿಯನ್ನೂ ಕೊಟ್ಟಿತು.”

ಥೇಮ್ಸ್ ನದಿಯ ಆಚೆ ದಡದಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ, ಪಾರ್ಲಿಮೆಂಟಿಗೆ ಎದುರಾಗಿಯೇ ಎಂದ ಪ್ರತಿನಿಧಿ ಹೆಮ್ಮೆಯಿಂದ. “ಗೊತ್ತು. ಮರದ್ದಲ್ಲ,” ಎಂದಿತು ಹುಳು, ನಿರಾಸೆಯಿಂದ.

ಮೆಚ್ಚಿದ ತಿರುವು ಯಾವುದೆಂದರೆ ಅದು ಹೇಳಿದ್ದು ಒಂದು ಕಸಬರಿಕೆ ಕಪಾಟಿನ ಕಥೆ. 1911ರ ಏಪ್ರಿಲ್ 2, ಜನಗಣತಿಯ ರಾತ್ರಿ. ಹೆಂಗಸರಿಗೆ ಮತವಿಲ್ಲದ ಕಾಲ. ಎಮಿಲಿ ಡೇವಿಸನ್ ಎಂಬಾಕೆ ನೆಲಮಾಳಿಗೆಯ ಪ್ರಾರ್ಥನಾ ಮಂದಿರದ ಕಪಾಟಿನಲ್ಲಿ ಬಚ್ಚಿಟ್ಟುಕೊಂಡಳು. ಸಿಕ್ಕಿಬಿದ್ದಳು, ನಿಜ. ಆದರೆ ಆ ರಾತ್ರಿ ಆಕೆ ಎಲ್ಲಿದ್ದಳು ಎಂಬ ಕಾಲಮ್ಮಿನಲ್ಲಿ ಸರ್ಕಾರವೇ ವೆಸ್ಟ್‌ಮಿನ್‌ಸ್ಟರ್ ಹಾಲಿನ ನೆಲಮಾಳಿಗೆ ಎಂದು ಬರೆದುಕೊಳ್ಳಬೇಕಾಯಿತು. ಗಂಡಸರಿಗೆ ಸಮನಾದ ಮತ ಹೆಂಗಸರಿಗೆ ಬಂದದ್ದು 1928ರಲ್ಲಿ, ಆಕೆ ತೀರಿಕೊಂಡು 15 ವರ್ಷದ ಮೇಲೆ. “ಒಳಗೆ ಹೊಕ್ಕು ಕೂರುವುದು ನಮ್ಮ ಕುಲದ ವಿದ್ಯೆ,” ಎಂದು ಹುಳು ಬೀಗಿತು.

“ನಿಮ್ಮ ಮೇಲೆ ಯಾರಾದರೂ ದಾಳಿ ಮಾಡಿದ್ದುಂಟೆ?”

“1834ರಲ್ಲಿ ಹಳೇ ಲೆಕ್ಕದ ಕಡ್ಡಿಗಳನ್ನು ಒಲೆಗೆ ತುರುಕಿ ತಮ್ಮ ಪಾರ್ಲಿಮೆಂಟನ್ನು ತಾವೇ ಸುಟ್ಟುಕೊಂಡರು. 1941ರ ಮೇ ತಿಂಗಳಲ್ಲಿ ಜರ್ಮನರ ಬಾಂಬ್ ಬಿತ್ತು. ಎರಡನ್ನೂ ಉಳಿಸಲು ಆಗದು ಅಂತ ಕಾಮನ್ಸ್ ಸಭಾಂಗಣ ಉರಿಯಲು ಬಿಟ್ಟು ಈ ಚಾವಣಿಗೆ ನೀರು ಹಾಯಿಸಿದರು. ಎಂಪಿಗಳಿಗಿಂತ ನಮಗೆ ಬೆಲೆ ಜಾಸ್ತಿ. ನಿಜವಾದ ಶತ್ರು ಫ್ರಾಂಕ್ ಬೇನ್ಸ್ ಅನ್ನುವ ವಾಸ್ತುಶಿಲ್ಪಿ. ನಮ್ಮವರು ತೊಲೆಗಳನ್ನು ಟೊಳ್ಳು ಮಾಡಿದ್ದನ್ನು ಕಂಡುಹಿಡಿದು, 1914ರಿಂದ ಸುಮಾರು ಹತ್ತು ವರ್ಷ ಮರದ ಹಿಂದೆ ಉಕ್ಕು ಕೂಡಿಸಿದ. ಕೆಳಗಿನಿಂದ ನೋಡಿದರೆ ಎಲ್ಲ ರಿಚರ್ಡನ ಕಾಲದ ಹಾಗೇ ಕಾಣುತ್ತದೆ. ಇವರ ರಾಜಪ್ರಭುತ್ವವೂ ಹಾಗೇ ಅಲ್ಲವಾ?”

2022ರ ಸೆಪ್ಟೆಂಬರಿನಲ್ಲಿ ರಾಣಿ ಎಲಿಜಬೆತ್‌ರ ಶವಪೆಟ್ಟಿಗೆಯನ್ನು ಇಲ್ಲಿಟ್ಟಾಗ ಸುಮಾರು ಎರಡೂವರೆ ಲಕ್ಷ ಮಂದಿ ಕ್ಯೂ ನಿಂತರು. ಹಾಲಿನಲ್ಲಿ ಪಿಸುಮಾತೂ ಇರಲಿಲ್ಲ, ಹಣೆ ಚಚ್ಚಲು ನಾಚಿಕೆಯಾಯಿತು ಎಂದು ಹುಳು ಒಪ್ಪಿಕೊಂಡಿತು.

ಇಡೀ ಅರಮನೆ ರಿಪೇರಿ ಆಗುತ್ತದಂತಲ್ಲ, ಭಯವಿಲ್ಲವೇ ಎಂದು ಪ್ರತಿನಿಧಿ ಕೊನೆಗೆ ಕೇಳಿದ.

“ಎಲ್ಲರೂ ಖಾಲಿ ಮಾಡಿ ರಿಪೇರಿ ಮಾಡಿಸೋಣ ಅಂತ ಕಾಮನ್ಸ್ ಮತ ಹಾಕಿದ್ದು 2018ರಲ್ಲಿ. ಆಮೇಲೆ ಕಾಯ್ದೆ ಬಂತು, ಸಮಿತಿ ಬಂತು, ವರದಿ ಬಂತು. ಇನ್ನೊಂದು ಸಮಿತಿ ಕೂತರೆ ನಮ್ಮ ಮೊಮ್ಮಕ್ಕಳ ಮದುವೆಯೂ ಇಲ್ಲೇ ಆಗುತ್ತದೆ. ನೀವೂ ಬನ್ನಿ.”