ವಿಮಾನ ಹತ್ತಿದ ಎಮ್ಮೆ

ನಮ್ಮ ಧಾರವಾಡದ ಕ್ರಿಕೆಟ್ ತಂಡದಲ್ಲಿ ಹದಿಮೂರು ಮಂದಿ, ಒಂದು ಎಮ್ಮೆ. ಮಂದಿಯೆಲ್ಲ ನಲವತ್ತೈದು ದಾಟಿದವರು, ಎಮ್ಮೆಗೆ ಇಪ್ಪತ್ತು. ಎಮ್ಮೆ ಅಂದರೆ ತಂಡದ ಕಿಟ್ ಬ್ಯಾಗು. ಕಪ್ಪು ರೆಕ್ಸಿನ್ನಿನ ಮೈ, ಉಬ್ಬಿದ ಹೊಟ್ಟೆ, ಹರಿದ ಬಾಯಿಂದ ಕೋಡಿನ ಹಾಗೆ ಇಣುಕುವ ಎರಡು ಸ್ಟಂಪು. ಎಳೆದರೆ ಬರುವುದಿಲ್ಲ, ಬಿಟ್ಟರೆ ಹೋಗುವುದಿಲ್ಲ. ಇಪ್ಪತ್ತು ವರ್ಷಗಳಿಂದ ಅದನ್ನು ಕಾಯುತ್ತ ಬಂದವನು ನಮ್ಮ ಹನ್ನೆರಡನೆಯ ಆಟಗಾರ. ಯಾರದಾದರೂ ಮೊಣಕಾಲು ಹಿಡಿದುಕೊಂಡಾಗಷ್ಟೇ ಅವನಿಗೆ ಆಡುವ ಪಾಳಿ. ನಮ್ಮ ಮೊಣಕಾಲುಗಳೂ ಮಹಾ ಹಟಮಾರಿ, ಅವನಿಗೆ ಅವಕಾಶ ಕೊಡಬಾರದೆಂದೇ ಕುಂಟುತ್ತ ಓಡುತ್ತಿದ್ದವು.

ಈ ಎಮ್ಮೆ ಟೆಂಪೋ ಹತ್ತಿತ್ತು, ವಾಯವ್ಯ ಸಾರಿಗೆ ಬಸ್ಸಿನ ನೆತ್ತಿ ಏರಿತ್ತು, ಪ್ಯಾಸೆಂಜರ್ ರೈಲಿನಲ್ಲಿ ಸೀಟುಗಳ ನಡುವೆ ಮಲಗಿ ಇಸ್ಪೀಟಿನ ಮೇಜೂ ಆಗಿತ್ತು. ವಿಮಾನವೊಂದು ಬಾಕಿ ಇತ್ತು. ಹೈದರಾಬಾದಿನಿಂದ ಹಿರಿಯರ ಪಂದ್ಯಾವಳಿಗೆ ಕರೆ ಬಂದಾಗ ನಮ್ಮ ಖಜಾಂಚಿ ಅರ್ಧ ತಾಸು ಫೋನಿನಲ್ಲಿ ಮುಖ ಹುದುಗಿಸಿ ಕೂತವನು, "ಹೋಗೂದು ವಿಮಾನದಾಗ, ಬರೂದು ರೈಲಿನಾಗ" ಎಂದು ತೀರ್ಪು ಕೊಟ್ಟ. ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ 2003ರಲ್ಲಿ ಹುಬ್ಬಳ್ಳಿಗೆ ಹಾರಿ ಬಂದಾಗಲೇ ನಾವು ವಿಮಾನ ಹತ್ತುವ ಮಾತಾಡಿದ್ದೆವು. ಆಗ ಧೈರ್ಯವಿತ್ತು, ದುಡ್ಡಿರಲಿಲ್ಲ. ಈಗ ದುಡ್ಡು ಅಷ್ಟಿಷ್ಟಿದೆ, ಧೈರ್ಯ ಬಿ.ಪಿ. ಮಾತ್ರೆಯ ಮೇಲೆ ನಿಂತಿದೆ.

ಹುಬ್ಬಳ್ಳಿ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಮ್ಮ ತಂಡದ ಕಪ್ತಾನರು ಗತ್ತಿನಿಂದ ಹಿಂತಿರುಗಿ, "ಏ, ಎಮ್ಮಿ ತಗೊಂಡ್ ಬರ್ರಿ" ಎಂದರು. ಕಂಪ್ಯೂಟರಿನ ಹಿಂದಿದ್ದ ಹುಡುಗಿ ಮಂಗಳೂರು ಕಡೆಯವಳಿರಬೇಕು, ಬೆದರಿ ಎದ್ದು ನಿಂತಳು. "ಸರ್, ಎಮ್ಮೆಯನ್ನೆಲ್ಲ ತಗೊಳ್ಳುವುದಿಲ್ಲ!" ನಾಲ್ಕು ಜನ ಸೇರಿ ಅದನ್ನು ತಕ್ಕಡಿಗೆ ಏರಿಸಿದ ಮೇಲೆ ಆಕೆಗೆ ಸಮಾಧಾನವಾಯಿತು, ನಮಗೆ ಹೋಯಿತು. ಕೆಂಪು ಅಂಕಿಗಳು ಮೇಲೇರುತ್ತ ಏರುತ್ತ 41ಕ್ಕೆ ನಿಂತವು.

ಕ್ರಿಕೆಟ್ಟಿನ ನಿಯಮದಲ್ಲಿ ಬ್ಯಾಟು 38 ಇಂಚಿಗಿಂತ ಉದ್ದ ಇರಬಾರದು, ನಾಲ್ಕೂಕಾಲು ಇಂಚಿಗಿಂತ ಅಗಲ ಇರಬಾರದು. ತೂಕಕ್ಕೆ ಮಾತ್ರ ಮಿತಿಯಿಲ್ಲ, ಎತ್ತುವ ತಾಕತ್ತಿದ್ದರೆ ತೊಲೆಯನ್ನೇ ತಾ ಎನ್ನುವ ಉದಾರ ಆಟ ಅದು. ವಿಮಾನದವರಿಗೆ ತೂಕವೇ ವೇದ. ತಲೆಗೆ 15 ಕಿಲೋ, ಕೈಯಲ್ಲಿ 7, ಎಷ್ಟೇ ಜನ ಕೂಡಿದರೂ ಒಂದೇ ಬ್ಯಾಗು 32 ದಾಟುವ ಹಾಗಿಲ್ಲ. ಎತ್ತುವವನ ಸೊಂಟವೂ ಸೊಂಟವೇ ಅಲ್ಲವೆ?

"ಒಂದೇ ಪಿಎನ್‌ಆರ್ ಇದ್ದರೆ ಎಲ್ಲರ ತೂಕ ಕೂಡಿಸಬಹುದು ಸರ್" ಎಂದಳು ಹುಡುಗಿ. ಹದಿಮೂರು ಹದಿನೈದಲೆ ನೂರ ತೊಂಬತ್ತೈದು! ಕಪ್ತಾನರ ಮುಖ ಅರಳಿತು. ಖಜಾಂಚಿಯ ಮುಖ ಬಾಡಿತು. ಮಹಾರಾಯ, ರಿಯಾಯಿತಿ ಸಿಕ್ಕಾಗಲೆಲ್ಲ ಕೊಂಡು, ತಂಡವನ್ನು ಮೂರು ಪಿಎನ್‌ಆರ್‌ಗಳಿಗೆ ಹಂಚಿಬಿಟ್ಟಿದ್ದ. ಎಮ್ಮೆ ಕಪ್ತಾನರ ಪಾಲಿಗೆ ಬಿದ್ದಿತ್ತು. ಅವರ ಗುಂಪಿನಲ್ಲಿ ನಾಲ್ವರು, ಅವಕಾಶ 60 ಕಿಲೋ, ಅವರವರ ಅರಿವೆ-ಅಂಚಡಿಯೇ 34. ಉಳಿದದ್ದು 26.

ಹೀಗೆ ಹುಬ್ಬಳ್ಳಿ ವಿಮಾನ ನಿಲ್ದಾಣದ ಫಳಫಳ ನೆಲದ ಮೇಲೆ, ನೂರು ಕಣ್ಣುಗಳೆದುರು, ನಮ್ಮ ಎಮ್ಮೆ ಈಯಿತು. ಹೆಲ್ಮೆಟ್ಟು, ಕೀಪರ್ ಗ್ಲೌಸು, ಸ್ಟಂಪು, ನೋವಿನ ಎಣ್ಣೆಯ ಬಾಟಲಿ, 2011ರಿಂದ ಹುಡುಕುತ್ತಿದ್ದ ನನ್ನ ಒಂದು ಕಾಲುಚೀಲ, ಒಂದೊಂದಾಗಿ ಹೊರಬಂದವು. ಕೊನೆಗೆ ಬಂದ ಗಾರ್ಡನ್ನು ಖಜಾಂಚಿ ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದು ಯಾರದ್ರೀ?" ಎಂದು ಕೂಗಿದಾಗ ಇಡೀ ತಂಡ ಗೋಡೆಯ ಜಾಹೀರಾತು ಓದತೊಡಗಿತು. ಹನ್ನೆರಡನೆಯವ ಎಲ್ಲಿಂದಲೋ ಒಂದು ಗೋಣಿಚೀಲ ತಂದು, ಹನ್ನೊಂದು ಕಿಲೋದ ಕರುವನ್ನು ಕಟ್ಟಿ, ಖಜಾಂಚಿಯ ಪಿಎನ್‌ಆರ್‌ಗೆ ನೂಕಿದ. ಕೀಪರ್ ಮಾತ್ರ ತನ್ನ ಬ್ಯಾಟನ್ನು ಟವೆಲಿನಲ್ಲಿ ಸುತ್ತಿ ಕೂಸಿನ ಹಾಗೆ ಎದೆಗೊತ್ತಿಕೊಂಡಿದ್ದ. ಬ್ಯಾಟನ್ನು ಒಳಗೆ ಒಯ್ಯಲು ಬಿಡುವುದಿಲ್ಲ, ಅದು ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ ಎಂದಾಗ ಅವನ ಕಣ್ಣು ತುಂಬಿ ಬಂತು. ಅವನ ಬ್ಯಾಟಿನಿಂದ ಈವರೆಗೆ ಚೆಂಡಿಗೂ ಪೆಟ್ಟಾದದ್ದಿಲ್ಲ.

ಉಳಿದ ನಾಲ್ಕು ಕಿಲೋ ಪ್ಯಾಡುಗಳು ಓಪನರನ ಕೈಚೀಲ ಸೇರಿದವು. ಎಕ್ಸರೇ ಯಂತ್ರ ಅಲ್ಲಿ ನಿಂತೇಬಿಟ್ಟಿತು.

"ಯೇ ಕ್ಯಾ ಹೈ?" ಎಂದ ಭದ್ರತೆಯವನು.

"ಪ್ಯಾಡ್."

"ಪ್ಯಾಡ್ ಕೇ ಅಂದರ್?"

"ಫೇಡಾ."

"ವಹೀ ಪೂಛ್ ರಹಾ ಹೂಂ. ಪ್ಯಾಡ್ ಕೇ ಅಂದರ್ ಕ್ಯಾ ಹೈ?"

"ಫೇಡಾರೀ, ಫೇಡಾ!"

ಆತಿಥೇಯರಿಗೆಂದು ಧಾರವಾಡದ ಲೈನ್ ಬಜಾರಿನಲ್ಲಿ ಕೊಂಡ ಡಬ್ಬಿಗಳನ್ನು ನುಜ್ಜಾಗದಿರಲೆಂದು ಹನ್ನೆರಡನೆಯವನೇ ಪ್ಯಾಡಿನಲ್ಲಿ ಸುತ್ತಿಟ್ಟಿದ್ದ. ಒಂದು ಡಬ್ಬಿ ಬಿಚ್ಚಿ ತೋರಿಸಿದ ಮೇಲೆಯೇ ಭಾಷಾ ಸಮಸ್ಯೆ ಬಗೆಹರಿದದ್ದು.

ಎಪ್ಪತ್ತೆಂಟು ಸೀಟಿನ ಪಂಖದ ವಿಮಾನ. ಹೈದರಾಬಾದಿನಲ್ಲಿ ಇಳಿದು ಬೆಲ್ಟಿನ ಮುಂದೆ ಕಾದೆವು. ಗೋಣಿಚೀಲದ ಕರು ಬಂತು. ಎಮ್ಮೆ ಬರಲಿಲ್ಲ. ಸಣ್ಣ ವಿಮಾನ, ತೂಕ ಹೆಚ್ಚಾಯಿತೆಂದು ಹುಬ್ಬಳ್ಳಿಯಲ್ಲೇ ಇಳಿಸಿದ್ದಾರೆ, ನಾಳೆ ಸಂಜೆ ಬರುತ್ತದೆ ಎಂದರು. ಪಂದ್ಯ ನಾಳೆ ಬೆಳಿಗ್ಗೆ.

ಎದುರಾಳಿಗಳು ದೊಡ್ಡ ಮನಸ್ಸಿನವರು. ಫೇಡಾ ತಿಂದು ತಮ್ಮ ಬ್ಯಾಟುಗಳನ್ನೇ ಕೊಟ್ಟರು. ಹೊಸ ಬ್ಯಾಟು, ಹಗುರ ಬ್ಯಾಟು. ಆ ಹಗುರಕ್ಕೆ ನಮ್ಮ ಕೈಗಳು ಚೆಂಡಿಗಿಂತ ಮೊದಲೇ ಬೀಸಿ ಮುಗಿಸಿ ಬರುತ್ತಿದ್ದವು. ಅಷ್ಟರಲ್ಲಿ ಓಪನರನ ಮೊಣಕಾಲು ಕೊನೆಗೂ ಹಟ ಬಿಟ್ಟಿತು. ಕಾಯಲು ಎಮ್ಮೆಯಿಲ್ಲದೆ ಕೈಕಟ್ಟಿ ಕೂತಿದ್ದ ಹನ್ನೆರಡನೆಯವ, ಎದುರಾಳಿಗಳು ಒಪ್ಪಿದ್ದರಿಂದ, ಎದ್ದು ಹೋದ. 43 ಹೊಡೆದ. ನಾವು ಸೋತೆವು, ಆದರೆ ಮರ್ಯಾದೆಯಿಂದ ಸೋತೆವು. "ಎಲ್ಲಿ ಬಚ್ಚಿಟ್ಟಿದ್ಯೋ ಇಷ್ಟ್ ದಿನ ಈ ಆಟಾ?" ಎಂದರು ಕಪ್ತಾನರು. "ಇವತ್ತ ಭುಜಾ ಹಗರ ಇತ್ತರಿ ಸರ" ಎಂದ ಅವನು, ಅಷ್ಟೇ.

ಎಮ್ಮೆಯನ್ನು ಬಿಡಿಸಿಕೊಂಡು ರೈಲು ಹತ್ತಿದೆವು. ಬೆಳಿಗ್ಗೆ ಗದಗಿನಲ್ಲಿ ತನಗಿಂತ ಎತ್ತರದ ಕಿಟ್ ಹೊತ್ತ ಹುಡುಗನೊಬ್ಬ ಏರಿದ. ಗದಗಿನ ಸುನೀಲ್ ಜೋಶಿ ಹೀಗೆಯೇ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಬರುತ್ತಿದ್ದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತರಲ್ಲ, ಅವರೇ. ಹುಡುಗ ಕಿಟ್ಟನ್ನು ನೆಲಕ್ಕಿಡಲು ಹೆಣಗುತ್ತಿದ್ದ. ಹನ್ನೆರಡನೆಯವ ಒಂದು ಮಾತಾಡದೆ ಎದ್ದು, ಅದನ್ನು ಎಮ್ಮೆಯ ಪಕ್ಕಕ್ಕೆ ಒರಗಿಸಿ, ತನ್ನ ಜಾಗ ಬಿಟ್ಟುಕೊಟ್ಟ.

ಹುಬ್ಬಳ್ಳಿಯಲ್ಲಿ ನಮ್ಮ ಗಾಡಿ ಬಂದು ನಿಂತದ್ದು ಎಂಟನೆಯ ಪ್ಲಾಟ್‌ಫಾರ್ಮಿಗೆ. 2023ರಲ್ಲಿ ಉದ್ಘಾಟನೆಯಾದದ್ದು, ಉದ್ದ 1507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಗಿನ್ನೆಸ್ ದಾಖಲೆಗೆ ಸೇರಿದ್ದು. ನಮ್ಮ ಡಬ್ಬಿ ನಿಂತದ್ದು ಹೊರದಾರಿಯಿಂದ ಬಹು ದೂರದ ತುದಿಯಲ್ಲಿ. ಹನ್ನೆರಡನೆಯವ ಅಭ್ಯಾಸಬಲದಿಂದ ಎಮ್ಮೆಗೆ ಕೈ ಹಾಕಿದ. "ಬಿಡೋ, ನೀ ಇವತ್ತ ಬ್ಯಾಟ್ಸ್‌ಮನ್" ಎಂದು ಕಪ್ತಾನರು ಒಂದು ಕಿವಿ ಹಿಡಿದರು, ಖಜಾಂಚಿ ಇನ್ನೊಂದು. ಇನ್ನೂರು ಹೆಜ್ಜೆಗೆ ಇಬ್ಬರೂ ಏದುಸಿರು ಬಿಡುತ್ತ ಅದರ ಮೇಲೆಯೇ ಕುಳಿತರು.

"ಇಪ್ಪತ್ತ್ ವರ್ಷ ಇದನ್ನ ಹ್ಯಾಂಗ್ ಎಳದ್ಯೋ ಮಾರಾಯಾ?" ಎಂದರು ಕಪ್ತಾನರು.

ಮುಂದೆ ಬರಿಗೈ ಬೀಸಿ ನಡೆದಿದ್ದವನು ತಿರುಗಿ ನೋಡಿದ.

"ಎಮ್ಮಿ ಎಳೀಬಾರದ್ರಿ ಸರ. ಮಾತಾಡಸ್ಕೋತ ನಡಸಬೇಕು."