ರೀಚ್ ಕಾರ್ಯದರ್ಶಿ

ನಮ್ಮೂರ ಟ್ರಸ್ಟಿನ ಕಾರ್ಯದರ್ಶಿಗಳು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಲೆಕ್ಕ ಪೈಸೆಗೆ ಪೈಸೆ ತಾಳೆಯಾಗದೆ ಊಟಕ್ಕೇಳದ ಮನುಷ್ಯ. ಬೆಂಗಳೂರಿನಲ್ಲಿ ಒಂದು ದಿನದ ಕಾರ್ಯಾಗಾರಕ್ಕೆ ಹೋಗಿಬಂದರು ನೋಡಿ, ಅಲ್ಲಿಗೆ ಮುಗಿಯಿತು. ಹೋಗುವಾಗ ಕೈಯಲ್ಲಿದ್ದದ್ದು ಮೊಸರನ್ನದ ಡಬ್ಬಿ, ಬರುವಾಗ ಟ್ರೈಪಾಡ್.

ಅಂದಿನಿಂದ ಅವರ ಬಾಯಲ್ಲಿ ದಾನಿಗಳು ‘ಆಡಿಯೆನ್ಸ್’, ಶಾಲೆಯ ಮಕ್ಕಳು ‘ಸ್ಟೋರಿ’. ಮೊದಲ ಸಭೆಯಲ್ಲೇ ಬೋರ್ಡಿನ ಮೇಲೆ ಫನಲ್ ಎಂಬುದೊಂದನ್ನು ಬರೆದರು. ಮೇಲೆ ಅಗಲ, ಕೆಳಗೆ ಸಪೂರ. “ಮೇಲೆ ಸಾವಿರ ಜನ ನೋಡ್ತಾರೆ, ಕೆಳಗೆ ಹತ್ತು ಜನ ಕೊಡ್ತಾರೆ.” ಖಜಾಂಚಿ ಮೇಷ್ಟ್ರು ಕನ್ನಡಕ ಏರಿಸಿದರು. “ಲಾಳಿಕೆ ಅಲ್ವೇನ್ರೀ ಅದು? ನಮ್ಮ ಸೀಮೆಎಣ್ಣೆ ಅಂಗಡಿಯವನ ಲಾಳಿಕೇಲಿ ಹೊಯ್ದಿದ್ದೆಲ್ಲ ಕೆಳಗೆ ಬರ್ತಿತ್ತಪ್ಪ.”

2014ರ ಐಸ್ ಬಕೆಟ್ ಚಾಲೆಂಜ್ ಅವರ ಪಾಲಿನ ಪುರಾಣ. ತಲೆಯ ಮೇಲೆ ತಣ್ಣೀರು ಸುರಿದುಕೊಂಡ ಜನರಿಂದ ಅಮೆರಿಕದ ಎಎಲ್‌ಎಸ್ ಎಂಬ ನರರೋಗದ ಸಂಸ್ಥೆಗೆ 11 ಕೋಟಿ 50 ಲಕ್ಷ ಡಾಲರ್ ಬಂದ ಕಥೆಯನ್ನು ನಾವು ಕೇಳದ ಸಭೆಯಿಲ್ಲ. ನಾವೂ ಮಾಡೋಣವೆಂದರು. ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುವ ಊರಿನಲ್ಲಿ ಬಕೆಟ್ ಎತ್ತಿ ಸುರಿದುಕೊಂಡರೆ ಹೆಂಗಸರು ಸುಮ್ಮನೆ ಬಿಡುತ್ತಾರೆಯೇ? ಅದೇ ವರ್ಷ ಹೈದರಾಬಾದಿನ ಪತ್ರಕರ್ತೆಯೊಬ್ಬರು ನೀರು ಬೇಡ, ಹಸಿದವರಿಗೆ ಒಂದು ಬಕೆಟ್ ಅಕ್ಕಿ ಕೊಡಿ ಎಂದು ಶುರುಮಾಡಿದ್ದರು. ಅದನ್ನು ಹೇಳಿದೆ. “ಅಕ್ಕಿಯಲ್ಲಿ ವಿಷುಯಲ್ ಇಲ್ಲ” ಎಂದು ತಳ್ಳಿಹಾಕಿದರು.

ಆಮೇಲೆ ಗೂಗಲ್ ಆಡ್ ಗ್ರಾಂಟ್ಸ್ ಬಂತು. ಲಾಭರಹಿತ ಸಂಸ್ಥೆಗಳಿಗೆ ತಿಂಗಳಿಗೆ 10,000 ಡಾಲರ್! ಸಭೆಯಲ್ಲಿ ನಿಂತು ರೂಪಾಯಿಗೆ ಗುಣಿಸಿಯೇ ಹೇಳಿದರು. ಅಧ್ಯಕ್ಷರು ಅವತ್ತೇ ಸೋರುವ ಮಾಡಿಗೆ ಹೆಂಚಿನ ದರ ವಿಚಾರಿಸಿಬಂದರು. ಎರಡು ವಾರದ ಮೇಲೆ ಗೊತ್ತಾಯಿತು, ಅದು ದುಡ್ಡಲ್ಲ, ಅಷ್ಟು ಬೆಲೆಯ ಜಾಹೀರಾತು ಮಾತ್ರ. ಅದೂ ಯಾರಾದರೂ ಗೂಗಲ್‌ನಲ್ಲಿ ಹುಡುಕಿದಾಗ ಕಾಣಿಸುವ ಅಕ್ಷರದ ಸಾಲು. ನೋಡಿದ ನೂರರಲ್ಲಿ ಐದು ಮಂದಿಯಾದರೂ ಒತ್ತುತ್ತಿರಬೇಕು, ಇಲ್ಲದಿದ್ದರೆ ಖಾತೆಗೇ ಕುತ್ತು. ನಮ್ಮ ಟ್ರಸ್ಟನ್ನು ಗೂಗಲ್‌ನಲ್ಲಿ ಹುಡುಕುವವರು ಕಾರ್ಯದರ್ಶಿಗಳೊಬ್ಬರೇ. “ಹೆಂಚಿಗೆ ಆಗಲ್ವಾ ಹಾಗಾದ್ರೆ?” ಎಂದು ಅಧ್ಯಕ್ಷರು ಇನ್ನೂ ಕೇಳುತ್ತಿರುತ್ತಾರೆ.

ಶಾಲೆ ಶುರುವಾದ ವಾರ ನೋಟ್‌ಬುಕ್ ಹಂಚಿಕೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕಿಟಕಿ ಬೆಳಕಿಗೆ ನಿಲ್ಲಿಸಿದರು. ಅಧ್ಯಕ್ಷರು ಕೊಟ್ಟರು, ಅವಳು ತೆಗೆದುಕೊಂಡಳು. ಹಿಂದೆ ಬ್ಯಾನರ್ ಮಡಿಸಿಕೊಂಡಿತ್ತು, ವಾಪಸ್ಸು ಇಸಿದುಕೊಂಡರು. ಎರಡನೇ ಸಲ ಅವಳು ನಗಲಿಲ್ಲ. ಮೂರನೇ ಸಲ ನಕ್ಕಳು, ಅಧ್ಯಕ್ಷರು ಸೀನಿದರು. ನಾಲ್ಕನೇ ಸಲ ಕೈಚಾಚುವ ಮುಂಚೆ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದಳು: “ಸಾರ್, ಈ ಸಲ ನಿಜವಾಗ್ಲೂ ಇಟ್ಕೊಳ್ಳೋದಾ?”

ಆ ರೀಲನ್ನು ಹನ್ನೆರಡು ಸಾವಿರ ಜನ ನೋಡಿದರು. ಬಂದದ್ದು 501 ರೂಪಾಯಿ, ಅದೂ ಕಾರ್ಯದರ್ಶಿಗಳ ಷಡ್ಡಕರದು.

ಅದೇ ವಾರ ಮೇಷ್ಟ್ರು ಅಧ್ಯಕ್ಷರಿಗೆ ಕಳಿಸಬೇಕಿದ್ದ ನೋಟ್‌ಬುಕ್ ಅಂಗಡಿಯ ಬಿಲ್ಲಿನ ಫೋಟೋವನ್ನು ಕೈತಪ್ಪಿ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ‘ಬಾಕಿ’ ಎಂದಿದ್ದ ಕಡೆ ಅವರದೇ ಕೆಂಪು ಶಾಯಿಯ ಗೆರೆ. ಸಂಜೆಯೊಳಗೆ ಬಾಕಿ ತೀರಿ ಮೇಲೆ ಒಂದಿಷ್ಟು ಉಳಿಯಿತು. ಕಾರ್ಯದರ್ಶಿಗಳು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. “ಹುಕ್ ಇಲ್ಲ, ಮ್ಯೂಸಿಕ್ ಇಲ್ಲ, ಇದು ಆರ್ಗ್ಯಾನಿಕ್ ರೀಚ್!” ಆರ್ಗ್ಯಾನಿಕ್ ಎಂದರೆ ಮೇಷ್ಟ್ರಿಗೆ ಗೊತ್ತಿರುವುದು ಎರೆಗೊಬ್ಬರವೊಂದೇ.

ಈ ಗದ್ದಲದಲ್ಲಿ ಮೇ 31 ದಾಟಿಹೋಗಿತ್ತು. ಹೋದ ವರ್ಷದ ದಾನಿಗಳ ಹೆಸರು, ಪ್ಯಾನ್ ನಂಬರನ್ನೆಲ್ಲ ಆದಾಯ ತೆರಿಗೆ ಇಲಾಖೆಯ ಪೋರ್ಟಲ್ಲಿಗೆ ಏರಿಸಲು ಅದೇ ಕೊನೇ ದಿನ. ಏರಿಸದೆ 10ಬಿಇ ಪ್ರಮಾಣಪತ್ರವಿಲ್ಲ, ಅದಿಲ್ಲದೆ ದಾನಿಗೆ 80ಜಿ ವಿನಾಯಿತಿಯಿಲ್ಲ, ನಮಗೆ ದಿನಕ್ಕೆ 200 ರೂಪಾಯಿ ದಂಡ ಬೇರೆ. ರೀಲಿನ ಕೆಳಗೆ ಒಂದೇ ಸಮನೆ ಕಾಮೆಂಟು: “ಸಾರ್, 80ಜಿ ಸರ್ಟಿಫಿಕೇಟ್ ಯಾವಾಗ?” “ಎರಡು ಸಲ ಕೇಳಿದೆ, ಉತ್ತರ ಇಲ್ಲ.” ಕಾರ್ಯದರ್ಶಿಗಳು ಸಭೆಯಲ್ಲಿ ಫೋನ್ ಎತ್ತಿ ತೋರಿಸಿದರು: “ನಲವತ್ತು ಕಾಮೆಂಟು! ಇದಕ್ಕೇ ಎಂಗೇಜ್‌ಮೆಂಟ್ ಅನ್ನೋದು.”

ಕೊನೆಗೆ ಮೇಷ್ಟ್ರೇ ಸೈಬರ್ ಸೆಂಟರಿನಲ್ಲಿ ಎರಡು ಮಧ್ಯಾಹ್ನ ಕೂತರು. ಹನ್ನೊಂದು ದಿನ ತಡ, 2,200 ರೂಪಾಯಿ ದಂಡ. ಪ್ರಮಾಣಪತ್ರಗಳನ್ನು ಪ್ರಿಂಟ್ ಹಾಕಿಸಿ ತಂದು ಆಫೀಸಿನ ಮೇಜಿನ ಮೇಲೆ ಒಂದೊಂದಕ್ಕೇ ಸಹಿ ಹಾಕುತ್ತಿದ್ದಾಗ, ಹಿಂದಿನಿಂದ ಟ್ರೈಪಾಡಿನ ಕಾಲು ಬಿಚ್ಚುವ ಟಕ್ ಟಕ್ ಸದ್ದು.

“ಮೇಷ್ಟ್ರೇ, ಅದೇ ಸಹಿ ಇನ್ನೊಂದ್ಸಲ ಹಾಕಿ. ಸ್ವಲ್ಪ ನಿಧಾನಕ್ಕೆ.”

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು.